ಹಳ್ಳಕ್ಕೆ ಮೋರಿ, ದಂಡೆಯಲ್ಲಿ ಮನೆ: ಅನುಮತಿ ಪಡೆದವರ ಅನುಭವಗಳು

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ತೋಟದ ನಡುವೆ ಹಳ್ಳ ಹರಿಯುತ್ತದೆ. ಅದರ ಆಚೆಗೂ ನಮಗೆ ಒಂದೂವರೆ ಎಕರೆ ಜಮೀನಿದ್ದು, ಮಳೆಗಾಲದಲ್ಲಿ ಅಲ್ಲಿಗೆ ಹೋಗಲು ಅಡಕೆ ದಬ್ಬೆಯ ಸಂಕವೊಂದೇ ದಾರಿ. ವಾಹನ ದಾಟುವಂಥ ಮೋರಿ ಕಟ್ಟಿ, ಆಚೆ ದಂಡೆಯಲ್ಲಿ ಮನೆ ಮಾಡಬೇಕೆಂದಿದ್ದೇವೆ. ಯಾರ ಅನುಮತಿ ಬೇಕು, ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಹೊಸನಗರದ ಕಡೆಯ ಬೆಳೆಗಾರರ ಉತ್ತರ:

ನಾಲ್ಕು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಅಲೆದವನು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಾನು ಮಾಡಿದ ತಪ್ಪೆಂದರೆ ಮೊದಲು ಮೋರಿಯ ನಕ್ಷೆ ಮತ್ತು ಅಂದಾಜು ಪಟ್ಟಿ ಮಾಡಿಸಿಕೊಂಡು ಕಚೇರಿಗೆ ಹೋದದ್ದು. ಒಂದು ಕಚೇರಿಯವರು ಇದು ನೀರಾವರಿಯವರ ಕೆಲಸ ಎಂದರು, ನೀರಾವರಿಯವರು ಕಂದಾಯದವರನ್ನು ಕೇಳಿ ಎಂದರು, ಹೀಗೆ ಐದು ತಿಂಗಳು ಕಳೆಯಿತು. ಆಗ ಅವರ ಮೇಲೆ ಸಿಟ್ಟು ಬಂದಿತ್ತು. ಆದರೆ ಆ ಹಳ್ಳ ದಾಖಲೆಯಲ್ಲಿ ಏನೆಂದು ನಮೂದಾಗಿದೆ ಎಂಬ ಕಾಗದ ನನ್ನ ಕೈಯಲ್ಲಿಯೇ ಇರಲಿಲ್ಲ ಎಂಬುದು ಆಮೇಲೆ ಅರ್ಥವಾಯಿತು.

ನಮ್ಮ ತೋಟದ ನಡುವೆ ಹರಿಯುತ್ತದೆ ಎಂದ ಮಾತ್ರಕ್ಕೆ ಹಳ್ಳ ನಮ್ಮದಾಗುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ, ಬೇರೆಯವರ ಹಕ್ಕು ಸಿದ್ಧವಾಗದ ಹೊರತು ಹೊಳೆ, ಹಳ್ಳ, ಕೆರೆ, ಕಾಲುವೆಗಳು ಸರ್ಕಾರದ ಸ್ವತ್ತು. ಅನುಮತಿ ಇಲ್ಲದೆ ಅದರಲ್ಲಿ ಕಾಂಕ್ರೀಟ್ ಹಾಕಿದರೆ ಒತ್ತುವರಿ ಎಂದೇ ಪರಿಗಣಿತವಾಗಬಹುದು. ಆದ್ದರಿಂದ ಮೊದಲು ಪಹಣಿ ತೆಗೆಸಿ, ಖರಾಬು, ಅಂದರೆ ಸಾಗುವಳಿಗೆ ಲೆಕ್ಕವಿಲ್ಲದ ಭಾಗ, (ಅ) ಎಷ್ಟು, (ಬ) ಎಷ್ಟು ಎಂದು ನೋಡಿಕೊಳ್ಳಿ. ದಾರಿ, ಹಳ್ಳಗಳಂಥ ಸಾರ್ವಜನಿಕ ಭಾಗ ಬರುವುದು (ಬ) ಅಡಿಯಲ್ಲಿ. ಅನಂತರ ಗ್ರಾಮನಕ್ಷೆ ಪಡೆದು, ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ ಅಳತೆ ಮಾಡಿಸಿ. ನನ್ನ ಜಮೀನಿನಲ್ಲಿ ಹಳ್ಳವು ನಕ್ಷೆಯಲ್ಲಿದ್ದ ಜಾಗದಿಂದ ಹನ್ನೆರಡು ಅಡಿ ಪಶ್ಚಿಮಕ್ಕೆ ಸರಿದಿತ್ತು. ಭೂಮಾಪಕರು ಗೂಟ ಹೊಡೆದಾಗ ನಾನೇ ನೆಟ್ಟ ಏಳು ಅಡಕೆ ಮರಗಳು ಸರ್ಕಾರಿ ಹಳ್ಳದೊಳಗೆ ನಿಂತಿದ್ದವು. ಆ ದಿನ ಮನಸ್ಸಿಗೆ ಬಹಳ ಬೇಸರವಾಯಿತು, ಆದರೆ ಅಡಿಪಾಯ ಹಾಕಿದ ಮೇಲೆ ತಿಳಿಯುವುದಕ್ಕಿಂತ ಆಗಲೇ ತಿಳಿದದ್ದು ಒಳ್ಳೆಯದಾಯಿತು.

ಅಳತೆಯ ನಕ್ಷೆ, ಗ್ರಾಮ ಪಂಚಾಯಿತಿ ಸಭೆಯ ನಿರ್ಣಯದ ಪ್ರತಿ, ಮೇಲಿನ ಮತ್ತು ಕೆಳಗಿನ ತೋಟದವರ ಒಪ್ಪಿಗೆ ಪತ್ರ, ಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ ತೆಗೆದ ಫೋಟೊಗಳು, ಇಷ್ಟನ್ನು ಸೇರಿಸಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟ ಮೇಲೆ ಕಡತ ಚಲಿಸತೊಡಗಿತು. ತಾಂತ್ರಿಕ ಅಭಿಪ್ರಾಯಕ್ಕೆ ಅವರೇ ಇಂಜಿನಿಯರರಿಗೆ ಬರೆದರು. ಪ್ರತಿ ಭೇಟಿಯಲ್ಲೂ ಸ್ವೀಕೃತಿ ಕೇಳಿ ಪಡೆಯಿರಿ. ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ, ಕಾರಣ ಸಹಿತ ಹಿಂಬರಹ (ಲಿಖಿತ ಉತ್ತರ) ಕೊಡಿ ಎಂದು ವಿನಯದಿಂದಲೇ ಕೇಳಿ. ನನಗೆ ಒಟ್ಟು ಹದಿನಾರು ತಿಂಗಳು ಹಿಡಿಯಿತು.

ಮೋರಿಯ ಅಳತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡಡಿ ವ್ಯಾಸದ ಎರಡು ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಸಾಕೆಂಬುದು ನನ್ನ ಎಣಿಕೆಯಾಗಿತ್ತು. ಸ್ಥಳಕ್ಕೆ ಬಂದ ಇಂಜಿನಿಯರರು ನನ್ನ ನಕ್ಷೆಯನ್ನು ಬದಿಗಿಟ್ಟು, ದಂಡೆಯ ಬಿದಿರು ಮೆಳೆಯ ಕಡೆ ನಡೆದು, ಅದರ ಗಂಟುಗಳಲ್ಲಿ ಸಿಕ್ಕಿಕೊಂಡಿದ್ದ ಒಣ ಸೋಗೆ ಮತ್ತು ಹಾಳೆಯ ಚೂರುಗಳನ್ನು ತೋರಿಸಿದರು. ಅದು ನನ್ನ ಎದೆಮಟ್ಟಕ್ಕಿಂತ ಮೇಲಿತ್ತು. ಹಿಂದಿನ ಆಷಾಢದ ನೆರೆ ಅಷ್ಟು ಎತ್ತರಕ್ಕೆ ಬಂದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಪೈಪಿನ ಬಾಯಿಗೆ ನಾಲ್ಕು ಸೋಗೆ ಅಡ್ಡ ಬಿದ್ದರೆ ಸಾಕು, ನೀರು ಹಿಂದಕ್ಕೆ ಒತ್ತಿ ಮೇಲಿನವರ ತೋಟಕ್ಕೆ ನುಗ್ಗುತ್ತದೆ ಎಂದು ಅವರು ಪೆಟ್ಟಿಗೆಯಾಕಾರದ ಕಾಂಕ್ರೀಟ್ ಬಾಕ್ಸ್ ಮೋರಿಯನ್ನೇ ಸೂಚಿಸಿದರು. ಖರ್ಚು ಹೆಚ್ಚಾಯಿತೆಂದು ಅಂದು ವಾದಿಸಿದ್ದೆ, ಇಂದು ಅವರು ಹೇಳಿದ್ದೇ ಸರಿ ಎನ್ನುತ್ತೇನೆ.

ನಿವೃತ್ತ ಭೂಮಾಪಕರ ಉತ್ತರ:

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ಮತ್ತು ಹಳ್ಳದ ಅಂದಾಜು ಸಿಗುತ್ತದೆ, ಆದರೆ ಅದನ್ನೇ ನಂಬಿ ಅಡಿಪಾಯ ತೋಡಬೇಡಿ. ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ನೋಡಿ ಅಳೆದದ್ದೇ ಆಧಾರ.

ಮನೆಯ ವಿಷಯ ಬೇರೆ. ಕೃಷಿಕರು ತಮ್ಮ ಸಾಗುವಳಿ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಅವಕಾಶವಿದೆ. ಹೋಂಸ್ಟೇ ನಡೆಸುವ ಉದ್ದೇಶವಿದ್ದರೆ ಭೂಪರಿವರ್ತನೆಯ (ಕೃಷಿ ಜಮೀನನ್ನು ಬೇರೆ ಬಳಕೆಗೆ ಮಾರ್ಪಡಿಸುವ) ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಎರಡನೆಯದಾಗಿ, ಆಚೆಯ ಒಂದೂವರೆ ಎಕರೆಯಲ್ಲಿ ಸೊಪ್ಪಿನ ಬೆಟ್ಟ (ಅಡಕೆ ತೋಟಕ್ಕೆಂದು ಬಿಟ್ಟ ಕಾಡು ಜಾಗ) ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ತರಗೆಲೆ ತರುವಂಥ ಸವಲತ್ತು ಮಾತ್ರ. ಅಲ್ಲಿ ಮನೆ ಕಟ್ಟುವ ಪ್ರಶ್ನೆ ಬಂದರೆ ಅದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಹೋಗುತ್ತದೆ, ತಾಲ್ಲೂಕು ಕಚೇರಿಯಲ್ಲಿ ಬಗೆಹರಿಯುವುದಿಲ್ಲ. ಎಷ್ಟೋ ಕುಟುಂಬಗಳು ಇದೊಂದು ಅಂಶದಲ್ಲಿ ಎಡವಿದ್ದನ್ನು ನಾನು ಕಂಡಿದ್ದೇನೆ.

ಹಳ್ಳ ಕೆಳಗೆ ಹೋಗಿ ಕೆರೆಗೆ ಸೇರುತ್ತಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ. 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟು (ನೀರುಣಿಸುವ ಜಮೀನು) ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರಿದವು.

ಬೆಂಗಳೂರಿನಲ್ಲಿ ನೆಲೆಸಿರುವವರೊಬ್ಬರ ಉತ್ತರ:

ಯಾರಾದರೂ ಹಳ್ಳದಿಂದ ಐವತ್ತು ಮೀಟರ್, ಕೆರೆಯಿಂದ ಎಪ್ಪತ್ತೈದು ಮೀಟರ್ ಬಿಡಬೇಕು ಎಂದು ಹೆದರಿಸಿದರೆ, ಅದು ಬೆಂಗಳೂರಿನ ವಿಷಯ ಎಂದು ತಿಳಿಯಿರಿ. ಇಲ್ಲಿ 2015ರ ನಗರ ಮಹಾಯೋಜನೆಯಂತೆ ಕೆರೆಗೆ 30 ಮೀಟರ್, ರಾಜಕಾಲುವೆಯ (ಮಳೆನೀರು ಹರಿಯುವ ಕಾಲುವೆ) ದರ್ಜೆಗೆ ತಕ್ಕಂತೆ ಅದರ ಮಧ್ಯದಿಂದ 50, 25, 15 ಮೀಟರ್ ಬಿಡಬೇಕಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದುಪಡಿಸಿತು. ನಿಮ್ಮಲ್ಲಿ ಎಷ್ಟು ಬಿಡಬೇಕೆಂಬುದನ್ನು ನಿಮ್ಮ ಕಚೇರಿಯಿಂದ ಬರಹದಲ್ಲಿಯೇ ಪಡೆಯಿರಿ.

ಕುಮಟಾ ಕಡೆಯವರ ಉತ್ತರ:

ಸಾಗರಕ್ಕೆ ಇದು ಅನ್ವಯಿಸದು, ಆದರೆ ಘಟ್ಟದ ಕೆಳಗಿನವರೂ ಇದನ್ನು ಓದುತ್ತಿರಬಹುದೆಂದು ಬರೆಯುತ್ತಿದ್ದೇನೆ. ನಮ್ಮದು ಅಘನಾಶಿನಿ ನದಿಯ ಅಳಿವೆಗೆ ಹತ್ತಿರದ ಗಜನಿ (ಉಪ್ಪುನೀರಿನ ತಗ್ಗು ಗದ್ದೆ) ಪ್ರದೇಶ. ಈ ಅಳಿವೆಗೆ 2024ರ ಜನವರಿಯಲ್ಲಿ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ಅಂತಾರಾಷ್ಟ್ರೀಯ ರಾಮ್ಸರ್ ಮಾನ್ಯತೆ ದೊರೆಯಿತು. ಉಬ್ಬರದ ನೀರು ಏರುವ ಹೊಳೆಗಳಿಗೆ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ. ಕಡು ಬೇಸಿಗೆಯಲ್ಲಿ ಸಾವಿರಕ್ಕೆ ಐದು ಭಾಗ ಉಪ್ಪು ಎಲ್ಲಿಯವರೆಗೆ ಇರುತ್ತದೆಯೋ ಅಲ್ಲಿಯವರೆಗೆ ಉಬ್ಬರದ ಪ್ರಭಾವವಿದೆ ಎಂದು ಲೆಕ್ಕ. 2019ರ ಅಧಿಸೂಚನೆಯಂತೆ ಅಂಥ ಹೊಳೆಯ ದಂಡೆಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜಾಗ ವಲಯದೊಳಗೆ ಬರುತ್ತದೆ. ನಾವು ಮನೆಯನ್ನು ಹಿತ್ತಲಿನ ದಿಬ್ಬಕ್ಕೆ ಸರಿಸಿ ಆ ಗೆರೆಯ ಹೊರಗೆ ಕಟ್ಟಿಕೊಂಡೆವು. ನೀರಿಗೆ ಇಳಿಯಲು ನಲವತ್ತು ಹೆಜ್ಜೆ ಹೆಚ್ಚಾದವು, ಅಷ್ಟೇ.

ಪ್ರಶ್ನೆ ಕೇಳಿದವರ ಮರುನುಡಿ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ನಾಡಕಚೇರಿಯಲ್ಲಿ ಪಹಣಿ ತೆಗೆಸಿದೆ. ಖರಾಬು (ಬ) ಕೆಳಗೆ ಆರು ಗುಂಟೆ ಇದೆ, ಸೊಪ್ಪಿನ ಬೆಟ್ಟ ಬೇರೆ ಸರ್ವೆ ನಂಬರಿನಲ್ಲಿದೆ. ನಮ್ಮ ಹಳ್ಳದ ಬದಿಯ ಅತ್ತಿ ಮರದಲ್ಲಿಯೂ ಸೋಗೆ ಸಿಕ್ಕಿಕೊಂಡಿದೆ, ಅದರ ಎತ್ತರವನ್ನು ಟೇಪು ಹಿಡಿದು ಅಳೆದು ಫೋಟೊ ತೆಗೆದಿಟ್ಟಿದ್ದೇನೆ. ಮೋರಿಯ ನಕ್ಷೆ ಮಾಡಿಸುವುದನ್ನು ಸದ್ಯಕ್ಕೆ ನಿಲ್ಲಿಸಿ, ಸೋಮವಾರ ಹದ್ದುಬಸ್ತಿಗೆ ಅರ್ಜಿ ಕೊಡುತ್ತೇನೆ.