ಹಿಂದಿ ಬರಲ್ಲ ಅಂದ್ರೆ ಭಾರತೀಯರಲ್ವಾ? ಲಾಯರ್ ಮೇಡಂಗೆ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮೇಡಂ, ರಾಜಾಜಿನಗರದಿಂದ ಬರೀತಿದೀನಿ. ಮೊನ್ನೆ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ನಮ್ಮಮ್ಮ ನೀರಿನ ಬಿಲ್ ಬಗ್ಗೆ ಕನ್ನಡದಲ್ಲಿ ಕೇಳಿದ್ರು, ಅದಕ್ಕೆ ಒಬ್ರು ಹಿಂದಿ ರಾಷ್ಟ್ರಭಾಷೆ, ಅದೇ ಬರಲ್ಲ ಅಂದ್ರೆ ನೀವೆಂಥ ಭಾರತೀಯರು ಅಂದ್ಬಿಟ್ರು. ಅಮ್ಮ ಸುಮ್ನೆ ಕೂತ್ಬಿಟ್ರು, ನಂಗೆ ಅದು ಇನ್ನೂ ಕೊರೀತಿದೆ. ಸಂವಿಧಾನದಲ್ಲಿ ನಿಜಕ್ಕೂ ಏನಿದೆ? ಇರೋದನ್ನಾದ್ರೂ ಸರ್ಕಾರಗಳು ಪಾಲಿಸ್ತವಾ?

ಉತ್ತರ: ಅಮ್ಮನಿಗೆ ಮೊದಲು ಹೇಳಿ, ಅವರದ್ದೇನೂ ತಪ್ಪಿಲ್ಲ. ಯಾವ ಭಾಷೆಗೂ ಸಂವಿಧಾನ ರಾಷ್ಟ್ರಭಾಷೆ ಅನ್ನೋ ಪಟ್ಟ ಕೊಟ್ಟಿಲ್ಲ. 343ನೇ ವಿಧಿ ಹೇಳೋದು ಕೇಂದ್ರದ ಆಡಳಿತ ಭಾಷೆ ಬಗ್ಗೆ ಮಾತ್ರ, ಅದು ಹಿಂದಿ, ಜೊತೆಗೆ ಇಂಗ್ಲಿಷೂ ನಡೀತಿದೆ. ರಾಜ್ಯದ್ದು ರಾಜ್ಯಕ್ಕೇ ಬಿಟ್ಟಿದ್ದು, 1963ರ ಕಾಯ್ದೆಯಿಂದ ಇಲ್ಲಿ ಕನ್ನಡ. ಇನ್ನೊಂದು ವಿಷಯ ಹೇಳ್ತೀನಿ, ಹೊರದೇಶದವರು ಇಲ್ಲಿದ್ದು ಇಲ್ಲಿನ ಪ್ರಜೆಯಾಗೋಕೆ ಅರ್ಜಿ ಹಾಕಿದ್ರೆ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದಾದ್ರೂ ಒಂದು ಸಾಕಷ್ಟು ಗೊತ್ತಿರಬೇಕು ಅಂತ ಪೌರತ್ವ ಕಾಯ್ದೆ ಹೇಳತ್ತೆ, ಅದರಲ್ಲಿ ಕನ್ನಡಾನೂ ಇದೆ. ಅಂದ್ಮೇಲೆ ಇಲ್ಲೇ ಹುಟ್ಟಿದ ನಿಮ್ಮಮ್ಮನ್ನ ಯಾರು ಏನಂತ ಪ್ರಶ್ನೆ ಮಾಡ್ತಾರೆ?

ಪಾಲಿಸ್ತವಾ ಅಂದ್ರಲ್ಲ, ತಾವಾಗೇ ಪಾಲಿಸೋದು ಕಮ್ಮಿ, ಯಾರಾದ್ರೂ ಹಿಡಿದು ಕೇಳಬೇಕು. 1989ರ ಏಪ್ರಿಲಲ್ಲಿ ಇದೇ ವಿಧಾನಸೌಧದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನ ಕೇಂದ್ರ ವಜಾ ಮಾಡ್ತು, ಸದನದಲ್ಲಿ ಬಹುಮತ ತೋರಿಸ್ತೀನಿ ಅಂದ್ರೂ ಅವಕಾಶ ಕೊಡಲಿಲ್ಲ, ಹೈಕೋರ್ಟಲ್ಲಿ ಸೋತ್ರು, ಸುಪ್ರೀಂ ಕೋರ್ಟಿಗೆ ಹೋದ್ರು, 1994ರಲ್ಲಿ ಒಂಬತ್ತು ಜಡ್ಜ್‌ಗಳ ಪೀಠ ಬಹುಮತದ ತೀರ್ಮಾನ ಆಗಬೇಕಾದ್ದು ಸದನದಲ್ಲೇ ಅಂತು. ಅವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ ನಿಜ, ಆದ್ರೆ ಆಮೇಲೆ ರಾಜ್ಯ ಸರ್ಕಾರನ ಹೀಗೆ ವಜಾ ಮಾಡೋ 356ನೇ ವಿಧಿ ಬಳಸೋಕೆ ಕೇಂದ್ರ ಹತ್ತು ಸಲ ಯೋಚನೆ ಮಾಡೋ ಹಾಗಾಯ್ತು.

ಇನ್ನೊಬ್ಬರ ಪ್ರಶ್ನೆ: ಮೇಡಂ ಅದು ಕೇಂದ್ರದ ಕತೆ ಆಯ್ತು, ನಮ್ಮ ರಾಜ್ಯ ಸರ್ಕಾರಗಳು?

ಉತ್ತರ: ಇವರೂ ಅಷ್ಟೇ ಬಿಡಿ. ನಗರ ಪಾಲಿಕೆಯ ಅವಧಿ ಐದು ವರ್ಷ, ಮುಗಿಯೋ ಮುಂಚೆ ಚುನಾವಣೆ ಆಗಲೇಬೇಕು ಅಂತ 243ಯು ವಿಧಿ ಇದೆ. ಬಿಬಿಎಂಪಿ ಅವಧಿ 2020ರ ಸೆಪ್ಟೆಂಬರಲ್ಲಿ ಮುಗೀತು. ವಾರ್ಡು 198 ಇದ್ದದ್ದು 243 ಮಾಡ್ತೀವಿ ಅಂದ್ರು, ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯ್ತು, ಸರ್ಕಾರ ಬದಲಾಯ್ತು, 225 ಅಂದ್ರು, ಕೊನೆಗೆ 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿದ್ರು, ಅಷ್ಟೂ ವರ್ಷ ಕಾರ್ಪೊರೇಟರ್ ಇಲ್ಲ, ಆಡಳಿತಾಧಿಕಾರಿದೇ ಆಡಳಿತ. ಒಂದು ಪಕ್ಷ ಅಂತಲ್ಲ, ಎರಡೂ ಕಡೆಯವರು ಮಾಡಿದ್ದು ಅದನ್ನೇ, ನಂಗೆ ಇದು ತುಂಬಾ ಸಿಟ್ಟು ತರಿಸತ್ತೆ. 2023ರ ಸೆಪ್ಟೆಂಬರಲ್ಲಿ ವಿಧಾನಸೌಧದ ಮುಂದೆ ಸಂವಿಧಾನದ ಪೀಠಿಕೆ ಓದಿಸಿದ್ರಲ್ಲ, ಆ ದಿನಾನೂ ಬೆಂಗಳೂರಿಗೆ ಚುನಾಯಿತ ಪಾಲಿಕೆ ಇರಲಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ, ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಪೌರತ್ವ ಕಾಯ್ದೆ ವಿಷಯ ಎರಡು ಸಲ ಓದಿಸಿದ್ರು.

ಉತ್ತರ: ಮುಂದಿನ ಮೀಟಿಂಗ್‌ಗೆ ಅಮ್ಮನ್ನ ಕರ್ಕೊಂಡೇ ಹೋಗಿ, 343ನೇ ವಿಧಿ ಪ್ರಿಂಟ್ ತಗೊಳಿ, ಸಂವಿಧಾನ ಕನ್ನಡದಲ್ಲೂ ಸಿಗತ್ತೆ. ನೀರಿನ ಬಿಲ್ಲಿಗೆ ಆಗಲೂ ಉತ್ತರ ಕೊಡ್ಲಿಲ್ಲ ಅಂದ್ರೆ ಬರೀರಿ, ಅದಕ್ಕೆ ಬೇರೆ ದಾರಿ ಇದೆ.