ಸಹಾಯ ಬೇಕು: ಮಕ್ಕಳ ಓಸಿಡಿಗೆ ಥೆರಪಿ, ರಾಯಚೂರು–ಬಳ್ಳಾರಿ–ಕೊಪ್ಪಳ ಕಡೆ

ಎಲ್ಲರಿಗೂ ನಮಸ್ಕಾರ. ನಾವು ಸಿಂಧನೂರಿನವರು. ನಮ್ಮ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಅವಳಿಗೆ ಓಸಿಡಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಮಾಡಿದ್ದನ್ನೇ ಮಾಡಿಸೋ ಕಾಯಿಲೆ) ಇದೆ ಅಂತ ಮನೋರೋಗ ತಜ್ಞರು ಹೇಳಿದ್ದಾರೆ. ನೋಟ್ಸ್ ಬರೆಯೋಕೆ ಕೂತರೆ ಒಂದೇ ಸಾಲನ್ನ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ ಹಾಳೆ ತೂತು ಬೀಳುತ್ತೆ. ಕೈ ತೊಳೆದೂ ತೊಳೆದೂ ಬೆರಳ ಸಂದೆಲ್ಲ ಒಡೆದಿದೆ. "ಚಿಕ್ಕಮ್ಮ, ಏನೂ ಆಗಲ್ಲ ಅಲ್ವಾ?" ಅಂತ ಕೇಳ್ತಾನೇ ಇರ್ತಾಳೆ.

ಮಾತ್ರೆ ಶುರುವಾಗಿದೆ, ಅದನ್ನ ನಿಲ್ಲಿಸಲ್ಲ. ಆದರೆ ಮಕ್ಕಳ ಓಸಿಡಿಗೆ ಇಆರ್‌ಪಿ ಅನ್ನೋ ಥೆರಪಿ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಅಧ್ಯಯನಗಳು ಹೇಳುತ್ತವೆ. ಇದರಲ್ಲಿ ಭಯ ಹುಟ್ಟಿಸೋದನ್ನ ಚಿಕ್ಕದರಿಂದ ಶುರು ಮಾಡಿ ಎದುರಿಸಬೇಕು. ಆಮೇಲೆ ತೊಳೆಯದೆ, ಅಳಿಸದೆ ತಡೆದುಕೊಳ್ಳಬೇಕು. ಆತಂಕ ತಾನಾಗೇ ಇಳಿಯುತ್ತೆ ಅಂತ ಮಗುವಿಗೇ ಗೊತ್ತಾಗುತ್ತೆ. ಪದೇ ಪದೇ ಸಮಾಧಾನ ಹೇಳೋದನ್ನ ಮೆಲ್ಲಗೆ ಕಡಿಮೆ ಮಾಡೋದನ್ನ ಮನೆಯವರಿಗೂ ಕಲಿಸುತ್ತಾರೆ. 2004ರಲ್ಲಿ ಪ್ರಕಟವಾದ ಮಕ್ಕಳ ಓಸಿಡಿ ಬಗ್ಗೆಯ ಅಮೆರಿಕದ ಪಾಟ್ಸ್ ಅಧ್ಯಯನದಲ್ಲಿ ಮಾತ್ರೆ, ಥೆರಪಿ ಎರಡೂ ಸಿಕ್ಕ ಮಕ್ಕಳೇ ಜಾಸ್ತಿ ಸುಧಾರಿಸಿದ್ದು.

ನಮಗೆ ಇಲ್ಲಿ ಸಿಕ್ಕ ಕೌನ್ಸೆಲಿಂಗ್ ಮಾತ್ರ "ಧೈರ್ಯವಾಗಿರು, ಯೋಚನೆ ಮಾಡಬೇಡ" ಅನ್ನೋದಷ್ಟೇ. ಯೋಚನೆ ಬೇಡ ಅಂದರೆ ಅವಳಿಗೆ ಇನ್ನೂ ಜಾಸ್ತಿ ಬರುತ್ತೆ.

ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಮಕ್ಕಳಿಗೆ ಇಆರ್‌ಪಿ ಮಾಡಿಸಿದ ಕ್ಲಿನಿಕಲ್ ಸೈಕಾಲಜಿಸ್ಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗೋಕೂ ತಯಾರಿದ್ದೇವೆ. ಆದರೆ ವಾರ ವಾರ ಸ್ಕೂಲು ಬಿಡಿಸಿ ಕರ್ಕೊಂಡು ಹೋಗೋದು ಕಷ್ಟ. ಒಮ್ಮೆ ತೋರಿಸಿ, ಆಮೇಲೆ ಕನ್ನಡದಲ್ಲೇ ವಿಡಿಯೋ ಕಾಲ್‌ನಲ್ಲಿ ಮುಂದುವರಿಸಿದವರು ಯಾರಾದ್ರೂ ಇದ್ದೀರಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಗುವಿನ ವಿಷಯವಾಗಿ ಫೋನ್ ಮಾಡಿದವರೂ ಅನುಭವ ಹೇಳಿ.

ತಾಯತ, ದೃಷ್ಟಿ ತೆಗೆಸೋ ಸಲಹೆ ಬೇಡ. ನಿಮ್ಮ ಮಗುವಿನ ಹೆಸರು ಇಲ್ಲಿ ಹಾಕಬೇಡಿ, ನನಗೆ ಇನ್‌ಬಾಕ್ಸ್ ಮಾಡಿ.