ಆರು ಫೂಟಿನ ಕನ್ನಡಿ, ಮೂರು ಫೂಟಿನ ಲೆಕ್ಕ

ಕಲಬುರಗಿಯ ಸೂಪರ್ ಮಾರ್ಕೆಟಿನ ಒಂದು ಗಲ್ಲಿಯಲ್ಲಿ ಮಹಿಬೂಬನ ಕಾಚು (ಗಾಜು)-ಫ್ರೇಮಿನ ಅಂಗಡಿ. ಅದಕ್ಕೆ ಅಂಟಿಕೊಂಡೇ ಶರಣುವಿನ ಚಸ್ಮಾದಂಗಡಿ. ಎರಡರ ನಡುವಿನ ಕಟ್ಟೆ ಮಲ್ಕಪ್ಪ ಮಾಸ್ತರರದು. ವಿಜ್ಞಾನ ಕಲಿಸಿ ನಿವೃತ್ತರಾದರೂ ಕಲಿಸುವ ಚಟ ಅವರನ್ನು ಬಿಟ್ಟಿಲ್ಲ. ಈ ಮೂವರ ಕೈಗೆ ತೊಗರಿ ವ್ಯಾಪಾರದ ಗುಂಡಪ್ಪ ಸಾವ್ಕಾರ ತಾನಾಗಿಯೇ ಬಂದು ಸಿಕ್ಕ.

"ಮಹಿಬೂಬಾ, ಆರ್ ಫೂಟಿಂದು ಒಂದ್ ಕನ್ನಡಿ ಕೊಯ್ದ್ ಕೊಡು. ಮನ್ಯಾಗ ಮದಿ ಅದ. ಪಟಕಾದಿಂದ ಚಪ್ಲಿ ತನಕ ಪೂರಾ ಕಾಣ್ಬೇಕು."

"ನೀವು ಎಷ್ಟ್ ಎತ್ರ ಅದೀರಿ ಸಾವ್ಕಾರ್ರೆ?"

"ಐದೂವರಿ."

"ಹಂಗಾದ್ರ ಮೂರ್ ಫೂಟ್ ಸಾಕ್ರಿ."

ವ್ಯಾಪಾರಿಯೇ ಕಮ್ಮಿ ಮಾಲು ಸಾಕೆಂದರೆ ಇನ್ನೊಬ್ಬ ವ್ಯಾಪಾರಿಗೆ ಅನುಮಾನ ಬರದೆ ಇರುತ್ತದೆಯೇ? "ಅರ್ಧಾ ಮನಷ್ಯಾನ್ನ ತೋರ್ಸಿ ಪೂರಾ ರೊಕ್ಕ ತಗೊಳ್ಳೋ ಹಿಕ್ಮತ್ತೇನೋ ಇದು?"

ಮಾಸ್ತರರು ಅಷ್ಟಕ್ಕೇ ಕಾದಿದ್ದವರಂತೆ ಕಿಸೆಯಿಂದ ಖಡು ತೆಗೆದು ಕಟ್ಟೆಯ ಶಹಾಬಾದ ಫರ್ಸಿಯ ಮೇಲೆ ಗೆರೆ ಎಳೆದರು.

"ನೋಡೋ ಗುಂಡ್ಯಾ. ಬೆಳಕು ಕನ್ನಡಿಗಿ ಎಷ್ಟ್ ಓರಿ ಬಂದು ಬಡೀತದೋ ಅಷ್ಟೇ ಓರಿಯಾಗಿ ಆಚೀಗಿ ಹೋಗ್ತದ. ನಿನ್ನ ಚಪ್ಲಿಯಿಂದ ಹೊಂಟ ಬೆಳಕು ನಿನ್ನ ಕಣ್ಣಿಗಿ ಬರ್ಬೇಕಂದ್ರ ಕನ್ನಡಿಗಿ ಎಲ್ಲಿ ಬಡೀಬೇಕು? ಚಪ್ಲಿಗೂ ಕಣ್ಣಿಗೂ ಸರೀ ನಡುವ. ನೆತ್ತಿಯಿಂದ ಹೊಂಟಿದ್ದು ನೆತ್ತಿಗೂ ಕಣ್ಣಿಗೂ ನಡುವ. ನಿನ್ನ ಎತ್ರ 66 ಇಂಚು. ಕಣ್ಣು ನೆತ್ತಿಗಿಂತ 4 ಇಂಚು ಕೆಳಗ ಅಂತ ಹಿಡಿ, ನೆಲದಿಂದ 62. ಅದರ ಅರ್ಧ 31, ಕನ್ನಡಿಯ ಕೆಳಗಿನ ಅಂಚು ಅಲ್ಲಿ. 62ಕ್ಕೂ 66ಕ್ಕೂ ನಡು 64, ಮ್ಯಾಲಿನ ಅಂಚು ಅಲ್ಲಿ. ಉಳದದ್ದೆಷ್ಟು? 33 ಇಂಚು. ನಿನ್ನ ಸರೀ ಅರ್ಧ."

"ಮತ್ತ ಪಟಕಾ?"

"ಪಟಕಾ ಆರಿಂಚು ಎತ್ರ ಇದ್ರ ಕನ್ನಡಿ ಮೂರಿಂಚು ಮ್ಯಾಲಕ್ಕ. ಒಟ್ಟು 36. ಮಹಿಬೂಬ ನಿನ್ನ ತೆಲಿ ನೋಡೇ ಮೂರ್ ಫೂಟ್ ಅಂದಾನ."

"ಹತ್ರ ನಿಂತ್ರ ಹಂಗ ಇರಬಹುದು. ದೂರ ಸರದ್ರ ಇನ್ನೂ ಜಾಸ್ತಿ ಕಾಣ್ತದಲ್ಲ?"

"ಇಲ್ಲ ಕಾಕಾ," ಎಂದು ಶರಣು ಕೌಂಟರಿನಿಂದಲೇ ಕೂಗಿದ. "ಮಂದಿ ಎಲ್ಲಾ ಹಂಗೇ ಅಂತಾರ. ನೀವು ಒಂದ್ ಹೆಜ್ಜಿ ಹಿಂದ ಹೋದ್ರ ಕನ್ನಡ್ಯಾಗಿನ ಗುಂಡಪ್ಪ ಕಾಕಾನೂ ಒಂದ್ ಹೆಜ್ಜಿ ಹಿಂದ ಹೋಗ್ತಾರ. ಕನ್ನಡಿ ಯಾವಾಗ್ಲೂ ನಿಮಗೂ ಅವ್ರಿಗೂ ನಡುವೇ ಉಳೀತದ. ಮನಿಗಿ ಹೋಗಿ ಒಂದ್ ಕಣ್ಣು ಮುಚ್ಕೊಂಡು, ಹಸಿ ಸಾಬೂನಿನ ಮೂಲಿಯಿಂದ ಕನ್ನಡಿ ಮ್ಯಾಲ ನಿಮ್ಮ ಮಾರಿಯ ಗೆರಿ ಬರೀರಿ. ಹತ್ರ ನಿಂತು ಒಂದ್ಸಲ, ಕೈ ಉದ್ದಾ ಚಾಚಿ ದೂರ ನಿಂತು ಇನ್ನೊಂದ್ಸಲ. ಮಾರಿ ಒಂಬತ್ತಿಂಚಿನದಿದ್ರ ಎರಡೂ ಸಲ ಗೆರಿ ನಾಲ್ಕೂವರೀನೇ."

ಒಂದು ಕಣ್ಣು ಮುಚ್ಚುವುದು ಇಲ್ಲಿ ಮುಖ್ಯ. ಎರಡೂ ತೆರೆದಿದ್ದರೆ ಒಂದೊಂದು ಕಣ್ಣು ಒಂದೊಂದು ಗೆರೆ ಕೇಳುತ್ತದೆ, ಮುಖ ಕುಂಬಳಕಾಯಿಯಾಗುತ್ತದೆ.

"ಆಯ್ತು," ಎಂದ ಗುಂಡಪ್ಪ, "ಆದ್ರ ಮನ್ಯಾಗ ನಾ ಒಬ್ಬಾವನೇ ಇದೀನೇನು? ಮಗ ಆರ್ ಫೂಟ್, ಮೊಮ್ಮಗಳು ಮೂರ್ ಫೂಟ್."

ಮಾಸ್ತರರಿಗೆ ಈ ಪ್ರಶ್ನೆ ಬಹಳ ಹಿಡಿಸಿತು. "ಶಭಾಷ್! ಈಗ ಲೆಕ್ಕ ಬ್ಯಾರೆ. ಕೆಳಗಿನ ಅಂಚು ಕೂಸಿನ ಪಾಲು: ಕಣ್ಣು 32 ಇಂಚಿನ ಮ್ಯಾಲ, ಅರ್ಧ 16. ಮ್ಯಾಲಿನ ಅಂಚು ಮಗನ ಪಾಲು: ನೆತ್ತಿ 72, ಕಣ್ಣು 68, ನಡು 70. 70ರಾಗ 16 ತಗದ್ರ 54. ನಾಲ್ಕೂವರಿ ಫೂಟ್ ಕೊಯ್ಸು, ನೆಲದಿಂದ 16 ಇಂಚಿಗಿ ಹೊಡಿಸು, ಪೂರಾ ಖಾನದಾನ ಕಾಣ್ತದ. ಆರ್ ಫೂಟಿಂದು ತಗೊಂಡು ನೆಲಕ್ಕ ಹಚ್ಚಿದ್ರ ಕೆಳಗಿನ 16 ಇಂಚಿನಾಗ ಬೆಕ್ಕು ಮಾರಿ ನೋಡ್ಕೋಬೇಕು."

"ಆದ್ರ ಗ್ವಾಡಿಗಿ ನೆಟ್ಟಗ ಇರ್ಬೇಕು," ಎಂದ ಮಹಿಬೂಬ. "ಮೊದಲಿನವ್ರು ಫೋಟೋ ಹಾಕ್ದಂಗ ಮ್ಯಾಲಿನ ಅಂಚು ಮುಂದಕ ಬಗ್ಗಿಸಿ ತೂಗಹಾಕಿದ್ರ ಈ ಹಿಸಾಬ್ ಎಲ್ಲಾ ಕೆಡ್ತದ."

"ಕನ್ನಡಿ 5 ಡಿಗ್ರಿ ಬಗ್ಗಿದ್ರ ಬೆಳಕು 10 ಡಿಗ್ರಿ ತಿರಗ್ತದ," ಎಂದರು ಮಾಸ್ತರರು. "ಆರ್ ಫೂಟ್ ದೂರಕ್ಕ ಒಂದ್ ಫೂಟಿಗಿಂತ ಜಾಸ್ತಿ ಫರಕ್. ಚಪ್ಲಿ ಚೆಂದ ಕಾಣ್ತದ, ಪಟಕಾ ಮಾಯ."

ಗುಂಡಪ್ಪ ಈಗ ಮಾಲಿನ ಗುಣಕ್ಕಿಳಿದ. ತೊಗರಿಯನ್ನು ಮುಷ್ಟಿಯಲ್ಲಿ ಹಿಡಿದೇ ಬೆಲೆ ಕಟ್ಟುವ ಕೈ ಅದು. ಕಾಚನ್ನು ಬೆರಳಿನಿಂದ ಟಕ ಟಕ ಬಡಿಯಿತು. "5 ಎಂಎಂ ಅಂತ ಹೇಳಿ 3 ಎಂಎಂ ಕೊಟ್ರ ನಂಗ ಹ್ಯಾಂಗ ಗೊತ್ತಾಗ್ಬೇಕು? ಫ್ರೇಮ್ ಹಾಕಿದ್ಮ್ಯಾಲ ಅಂಚೇ ಕಾಣಲ್ಲ."

ಮಹಿಬೂಬನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದು ಸೀಸದ ಕಡ್ಡಿ ತಂದು ಅದರ ಮೊನೆಯನ್ನು ಕನ್ನಡಿಗೆ ನೆಟ್ಟಗೆ ಹಚ್ಚಿದ. "ಮೊನಿಗೂ ಅದರ ನೆಳ್ಳಿಗೂ ನಡುವ ಸಂದಿ ಕಾಣ್ಲತ್ತದಿಲ್ರಿ? ಕಲಾಯಿ ಇರೋದು ಕಾಚಿನ ಹಿಂದಿನ ಮೈಗಿ. ಅದಕ್ಕೇ ಮೊನಿ-ಮೊನಿ ಕೂಡಂಗಿಲ್ಲ. ಈ ಸಂದಿ ಆರೂವರಿ ಎಂಎಂ ಇದ್ರ ಕಾಚು 5 ಎಂಎಂ. ಸಂದಿ ನಾಕೇ ಇದ್ರ 3 ಎಂಎಂ. ಸಂದಿಯ ಮುಕ್ಕಾಲು ಭಾಗ ಕಾಚಿನ ದಪ್ಪ ಅಂತ ತಿಳ್ಕೊಳ್ರಿ. ಎದುರಿಗೇ ನಿಂತು ನೋಡ್ಬೇಕು, ಓರಿ ನೋಡಿದ್ರ ಸುಳ್ಳಾಗ್ತದ."

"ಮುಕ್ಕಾಲ್ ಯಾಕ?"

"ಹಿಂದ-ಮುಂದ ಕೂಡಿ ದಪ್ಪ ಎರಡ್ ಪಟ್ಟು ಆಗ್ಬೇಕು," ಎಂದರು ಮಾಸ್ತರರು, "ಆದ್ರ ಕಾಚಿನ ಒಳಗಿಂದು ಯಾವುದಾದ್ರೂ ಒಂದೂವರಿ ಪಾಲು ಮ್ಯಾಲಕ್ಕ ಬಂದಂಗ ಕಾಣ್ತದ. ಎರಡಕ್ಕ ಒಂದೂವರಿಯಿಂದ ಭಾಗಿಸು. ನೀರಿಂದು ಒಂದೂ ಮೂರನೇ ಒಂದು. ಅದಕ್ಕೇ ಹನ್ನೆರಡ್ ಫೂಟಿನ ನೀರು ಮ್ಯಾಲ ನಿಂತು ನೋಡಿದ್ರ ಒಂಬತ್ತೇ ಫೂಟ್ ಅನಿಸ್ತದ. ಕೆರಿಗಿ ಹುಡುಗರು ಧೈರ್ಯದಿಂದ ಜಿಗಿಯೋದು ಈ ಮೂರ್ ಫೂಟಿನ ಮೋಸಕ್ಕೇ."

"ಇನ್ನೊಂದು ನೋಡ್ರಿ," ಎಂದ ಮಹಿಬೂಬ. ಮೊನೆಯ ದಟ್ಟ ಪ್ರತಿಬಿಂಬದ ಹತ್ತಿರವೇ ಮಸುಕಾದ ಎರಡನೆಯದೊಂದಿತ್ತು. "ಅದು ಕಾಚಿನ ಮುಂದಿನ ಮೈಯಿಂದ ಬಂದದ್ದು. ನೂರಕ್ಕ ನಾಕು ಪಾಲು ಬೆಳಕು ಅಲ್ಲಿಂದ್ಲೇ ವಾಪಸ್."

"ಆ ನಾಕು ಪಾಲಿನ ಮ್ಯಾಲೇ ನಿಮ್ಮ ಕಾರು ನಡೀತದ," ಎಂದ ಶರಣು. "ಒಳಗಿನ ಕನ್ನಡಿ ಕೆಳಗ ಸಣ್ಣ ಹಿಡಿಕಿ ಇರ್ತದ ನೋಡ್ರಿ. ಆ ಕಾಚು ಮ್ಯಾಲೆ ದಪ್ಪ, ಕೆಳಗ ತೆಳ್ಳಗ. ರಾತ್ರಿ ಹಿಂದಿನ ಲಾರಿ ಲೈಟ್ ಕಣ್ಣಿಗಿ ಹೊಡದ್ರ ಹಿಡಿಕಿ ಜಗ್ಗಬೇಕು. ಕಲಾಯಿಯ ಬೆಳಕು ಛತ್ತಿಗಿ ಹೋಗ್ತದ, ಮುಂದಿನ ಮೈಯ ನಾಕು ಪಾಲು ಮಾತ್ರ ಕಣ್ಣಿಗಿ. ಲಾರಿ ಕಾಣ್ತದ, ಕಣ್ಣು ಕುಕ್ಕಲ್ಲ."

"ನಮ್ಮ ಡ್ರೈವರ್ ಆ ಹಿಡಿಕಿಗಿ ನಿಂಬಿಕಾಯಿ-ಮೆಣಸಿನಕಾಯಿ ಕಟ್ಯಾನ."

ಕನ್ನಡಿಯನ್ನು ಗೋಡೆಗೆ ಹೊಡೆಯುವ ವಿಷಯದಲ್ಲಿ ಮಹಿಬೂಬ ಬಾಯಿ ಬಿಟ್ಟರೆ ನಿಲ್ಲುವುದಿಲ್ಲ. ಅವನ ಅರ್ಧ ಆಯುಷ್ಯ ಬೇರೆಯವರು ಹೊಡೆದು ಕೆಡಿಸಿದ ಕನ್ನಡಿ ಬಿಚ್ಚುವುದರಲ್ಲೇ ಹೋಗಿದೆ. "ತೆಳ್ಳನ ಕಾಚು ತಂದು, ಉಬ್ಬು-ತಗ್ಗಿನ ಗ್ವಾಡಿಗಿ ಇಟ್ಟು, ನಾಕೂ ಮೂಲಿಗಿ ಸ್ಕ್ರೂ ಕಸಕೊಂಡು ಬಿಗೀತಾರ. ಕಾಚು ಬಗ್ಗತದ. ನಡು ಮುಂದಕ ಉಬ್ಬಿದ್ರ ಮನಷ್ಯಾ ಗಿಡ್ಡ, ಒಳಗ ತಗ್ಗಿದ್ರ ಉದ್ದ. ಆಮ್ಯಾಲ ಬಂದು ನಿನ್ನ ಮಾಲೇ ಖರಾಬ್ ಅಂತಾರ. 5 ಎಂಎಂ ತಗೊಳ್ರಿ, ಹಿಂದ ಪ್ಲೈವುಡ್ ಕೊಡ್ರಿ, ಸ್ಕ್ರೂಕ್ಕ ರಬ್ಬರ್ ವಾಶರ್ ಹಾಕಿ ಕೈಲೆ ತಿರುವಿ ನಿಲ್ಲೋ ತನಕ ಅಷ್ಟೇ ಬಿಗೀರಿ."

"ಸಿಲಿಕಾನ್ ಹಚ್ಚಿ ಅಂಟಿಸಿದ್ರ?"

"ಹಚ್ರಿ, ಆದ್ರ ಮೊದಲು ಮೂಸಿ ನೋಡ್ರಿ. ಹುಳಿ ವಾಸನಿ, ಸಿರ್ಕಾ ಇದ್ದಂಗ, ಹೊಡದ್ರ ಕನ್ನಡಿಗಿ ಹಚ್ಚಬ್ಯಾಡ್ರಿ. ಆ ಆಸಿಡ್ ಹಿಂದಿನ ಬಣ್ಣ, ಕಲಾಯಿ ಎರಡೂ ತಿಂತದ. ಮುಂದಿನಿಂದ ಕರೀ ಮಚ್ಚಿ ಏಳ್ತಾವ. ನ್ಯೂಟ್ರಲ್ ಸಿಲಿಕಾನ್ ಅಂತ ಕೇಳಿ ತಗೊಳ್ರಿ, ಉದ್ದುದ್ದ ಗೆರಿ ಎಳೀರಿ, ಗ್ವಾಡಿಗೂ ಕಾಚಿಗೂ ನಡುವ ಗಾಳಿ ಆಡ್ಲಿಕ್ಕ ಎರಡ್-ಮೂರ್ ಎಂಎಂ ಬಿಡ್ರಿ. ಬಚ್ಚಲಮನಿ ಕನ್ನಡಿ ಕೆಳಗಿನ ಅಂಚಿನಿಂದ್ಲೇ ಕರ್ರಗ ಆಗೋದು ಯಾಕ? ನೀರು ಇಳದು ಅಲ್ಲೇ ನಿಲ್ತದ."

ಎಡ-ಬಲದ ಪುರಾತನ ಜಗಳವೂ ಎದ್ದಿತು. ಕನ್ನಡಿ ಎಡ-ಬಲ ಬದಲಿಸುತ್ತದೆ, ತಲೆ-ಕಾಲು ಯಾಕೆ ಬದಲಿಸುವುದಿಲ್ಲ ಎಂದು ಗುಂಡಪ್ಪನ ತಕರಾರು. "ಎರಡೂ ಬದಲ್ಸಲ್ಲ," ಎಂದು ಮಾಸ್ತರರು ಎರಡೇ ಮಾತಿನಲ್ಲಿ ತೀರಿಸಿದರು. "ಹಿಂದ-ಮುಂದ ಬದಲಸ್ತದ. ನಿನ್ನ ಮೂಗು ಕನ್ನಡಿ ಕಡಿ, ಅದರ ಮೂಗು ನಿನ್ನ ಕಡಿ."

ಅಷ್ಟರಲ್ಲಿ ಛಾ ಬಂತು. ಬಿಲ್ಲು ನೋಡಲು ಗುಂಡಪ್ಪ ಕಿಸೆಯಿಂದ ಚಸ್ಮಾ ತೆಗೆದ. ರಸ್ತೆಬದಿಯ ಗಾಡಿಯ ಮಾಲು. ಶರಣುವಿನ ಮುಖ ಹುಳ್ಳಗಾಯಿತು.

"ಕಾಕಾ, ಅದರ ನಂಬರ್ ಎಷ್ಟು?"

"ಯಾರಿಗ್ಗೊತ್ತು! ಹಾಕ್ಕೊಂಡೆ, ಪೇಪರ್ ಕಾಣ್ತು, ತಗೊಂಡೆ."

ಶರಣು ಚಸ್ಮಾ ಇಸಿದುಕೊಂಡು ಅಂಗಡಿಯ ಒಳಗೋಡೆಯ ಮುಂದೆ ಹಿಡಿದು ಹಿಂದೆ-ಮುಂದೆ ಸರಿಸಿದ. ರಸ್ತೆಯಾಚೆ ದೂರದ ಕಟ್ಟಡ, ಅದರ ಮೇಲಿನ ನೀರಿನ ಟಾಕಿ ಸಮೇತ, ಗೋಡೆಯ ಮೇಲೆ ಅಂಗೈಗಿಂತ ಸಣ್ಣದಾಗಿ ತಲೆಕೆಳಗಾಗಿ ಮೂಡಿತು. ಅಂಚು ಚೂಪಾದ ಜಾಗದಲ್ಲಿ ನಿಲ್ಲಿಸಿ ಟೇಪು ಹಿಡಿದ. "50 ಸೆಂಟಿಮೀಟರ್. ಒಂದು ಮೀಟರಿಗಿ ಇದರಿಂದ ಭಾಗಿಸಿದ್ರ ನಂಬರು: ಪ್ಲಸ್ ಎರಡು. 40ಕ್ಕ ಚೂಪಾಗಿದ್ರ ಎರಡೂವರಿ, ಪೂರಾ ಮೀಟರಿಗಿ ಆಗಿದ್ರ ಒಂದು."

"ಹೆಂಡ್ತಿದು ದೂರದ ಚಸ್ಮಾ. ಅದ್ರಾಗ ಹಿಂಗ ಮೂಡಲ್ಲ. ಒಮ್ಮೆ ಬಿಸಲಿಗಿ ಹಿಡದು ಕಾಗದ ಸುಡ್ಲಿಕ್ಕ ನೋಡ್ದೆ, ಬೆಚ್ಚಗೂ ಆಗ್ಲಿಲ್ಲ."

"ಅದು ಮೈನಸ್ರಿ. ಬೆಳಕು ಹರಡ್ತದ, ಕೂಡಸಲ್ಲ. ಬಿಸಿಲೇ ಬೇಕಾಗಿಲ್ಲ. ಚಸ್ಮಾ ಕೈ ಉದ್ದ ಹಿಡದು ಬಾಗಿಲಿನ ಚೌಕಟ್ಟು ನೋಡ್ರಿ. ಬಲಕ್ಕ ಸರಸಿದ್ರ ಕಾಚಿನೊಳಗಿನ ಚೌಕಟ್ಟು ಎಡಕ್ಕ ಓಡಿದ್ರ ಪ್ಲಸ್, ನಿಮ್ಮ ಕೈ ಜೋಡಿ ಬಲಕ್ಕೇ ಬಂದ್ರ ಮೈನಸ್. ಗಾಲಿ ತಿರುವ್ದಂಗ ತಿರುವ್ರಿ. ಚೌಕಟ್ಟಿನ ಗೆರಿ ಓರಿ ಆದ್ರ ಅದ್ರಾಗ ಸಿಲಿಂಡರ್ ನಂಬರೂ, ಅಂದ್ರ ಒಂದೇ ದಿಕ್ಕಿನ ಪವರೂ ಅದ. ಅದು ಹಾಕ್ಸಿದವ್ರದೇ ಕಣ್ಣಿಗಿ, ಅದೇ ಓರಿಗಿ ಕೂಡ್ತದ. ಮನಿ ಮಂದಿ ಎಲ್ಲಾ ಒಂದೇ ಚಸ್ಮಾ ಹಂಚ್ಕೊಂಡ್ರ ತೆಲಿ ನೋವು ಬರೋದು ಖರೇನೇ."

"ಗಾಡಿ ಚಸ್ಮಾದಾಗೂ ಸಂಜಿ ಆದ್ರ ತೆಲಿ ನೋಯ್ತದ. ನಂಬರ್ ತಪ್ಪಿರಬೇಕೇನು?"

"ನಂಬರ್ ಸರಿ ಅದ, ನಡು ಸರಿ ಇಲ್ಲ. ನಿಮ್ಮ ಕಣ್ಣಿನ ಗೊಂಬಿಗೂ ಕಾಚಿನ ನಡುಮಧ್ಯಕ್ಕೂ 5 ಎಂಎಂ ಫರಕ್ ಅದ. ಅರ್ಧ ಸೆಂಟಿಮೀಟರ್ ಇಂಟು ಎರಡು ನಂಬರು, ಒಂದು ಪ್ರಿಸಂ. ಮೀಟರ್ ದೂರಕ್ಕ ಒಂದು ಸೆಂಟಿಮೀಟರ್ ನೋಟ ಸರೀತದ, ಅದೂ ಒಂದೊಂದು ಕಣ್ಣಿಗಿ. ಅದನ್ನ ಕೂಡಸ್ಲಿಕ್ಕ ಕಣ್ಣಿನ ನರ ದಿನಾ ದುಡೀತಾವ. ಅದಕ್ಕೇ ನಾವು ಮೊದಲು ಎರಡು ಗೊಂಬಿಗಳ ನಡುವಿನ ಅಳತಿ ತಗೋತೀವಿ. ಗಾಡಿಯವ ರೊಕ್ಕ ಅಷ್ಟೇ ತಗೋತಾನ."

ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಬೆಳಕು ಎಷ್ಟು ಬಾಗ್ತದ ಅನ್ನೋ ನಿಯಮ ಬಗ್ದಾದಿನ ಇಬ್ನ್ ಸಹ್ಲ್ 984ರಾಗೇ ಬರದಿಟ್ಟಿದ್ದ. ಯುರೋಪಿನಾಗ ಸ್ನೆಲ್ ಅದನ್ನ ಮತ್ತ ಕಂಡಿದ್ದು 1621ರಾಗ. ಇವತ್ತಿಗೂ ಸ್ನೆಲ್‌ನದೇ ಹೆಸರು."

"637 ವರ್ಷ!" ಗುಂಡಪ್ಪ ಲೆಕ್ಕದಲ್ಲಿ ಚುರುಕು. "ನಮ್ಮ ಪಹಣಿ ತಿದ್ದುಪಡಿ ಫೈಲಿದ್ದಂಗಾಯ್ತು. ಅರ್ಜಿ ಒಬ್ಬಂದು, ಆರ್ಡರ್ ಇನ್ನೊಬ್ಬನ ಹೆಸರಿಗಿ."

"ಬಾಗೋದು ಯಾಕಂದ್ರ ವೇಗ ಕಮ್ಮಿ ಆಗ್ತದ. ಬಯಲಿನಾಗ ಸೆಕೆಂಡಿಗಿ ಮೂರು ಲಕ್ಷ ಕಿಲೋಮೀಟರ್, ಕಾಚಿನಾಗ ಸುಮಾರು ಎರಡು ಲಕ್ಷ. ಗಾಳಿಯಾಗೂ ಥೋಡೆ ಫರಕ್ ಇರ್ತದ. ಮೇ ತಿಂಗಳ್ದಾಗ ಸೇಡಂ ರೋಡಿನ ಮ್ಯಾಲ ನೀರು ಹರದಂಗ ಕಾಣ್ತದಲ್ಲ, ಅದು ಡಾಂಬರಿಗಿ ಹತ್ತಿದ ಕಾದ ಗಾಳಿ ಮ್ಯಾಲಕ್ಕ ಬಾಗಿಸಿದ ಆಕಾಶದ ಬೆಳಕು. ವೇಗದಾಗ ಫರಕ್ಕೇ ಇಲ್ಲಂದ್ರ ಬಾಗೋದೂ ಇಲ್ಲ, ಕಾಣೋದೂ ಇಲ್ಲ. ನೋಡ್ತೀ ಏನು?"

ಶರಣುವಿನ ಅಂಗಡಿಯಿಂದ ಬೊರೊಸಿಲ್‌ನ ಸಣ್ಣ ಪ್ರನಾಳ, ಹೋಟೆಲಿನಿಂದ ಗಾಜಿನ ಗ್ಲಾಸು, ಗುಂಡಪ್ಪನ ಕೈಚೀಲದಿಂದ ಮನೆಗೆ ಒಯ್ಯುತ್ತಿದ್ದ ಕುಸುಬಿ ಎಣ್ಣೆ. ಗ್ಲಾಸಿನೊಳಗೆ ಪ್ರನಾಳ ನಿಲ್ಲಿಸಿ ಮಾಸ್ತರರು ಎಣ್ಣೆಯನ್ನು ಮೊದಲು ಪ್ರನಾಳದ ಒಳಗೆ, ಅದು ತುಂಬಿ ಹೊರಚೆಲ್ಲುವಂತೆ, ಸಾವಕಾಶ ಸುರಿದರು. ಎಣ್ಣೆ ಹೊರಗೆ ಏರಿದಷ್ಟೂ ಪ್ರನಾಳ ಕೆಳಗಿನಿಂದ ಅಳಿಸಿ ಹೋಯಿತು. ಉಳಿದದ್ದು ಅದರ ಮೇಲಿನ ಬಿಳೀ ಅಕ್ಷರ ಮತ್ತು ಬುಡದಲ್ಲಿ ಸಿಕ್ಕಿಬಿದ್ದ ಒಂದು ಗಾಳಿಗುಳ್ಳೆ.

"ಬೊರೊಸಿಲ್ ಕಾಚಿನ ವಕ್ರೀಭವನ ಸೂಚ್ಯಂಕ, ಅಂದ್ರ ಬೆಳಕಿನ ವೇಗ ಎಷ್ಟ್ ಪಟ್ಟು ಕಮ್ಮಿ ಆಗ್ತದ ಅನ್ನೋ ಅಂಕಿ, 1.47, ಕುಸುಬಿ ಎಣ್ಣಿದೂ 1.47. ಬೆಳಕಿಗಿ ಎರಡೂ ಒಂದೇ. ಖಿಡಕಿ ಕಾಚಿನ ತುಂಡು ಹಾಕಿದ್ರ ಮಾಯ ಆಗಲ್ಲ, ಅದು 1.52. ಮತ್ತ ಮೇ ತಿಂಗಳ ಮಧ್ಯಾಹ್ನ ಮಾಡಬ್ಯಾಡ. ಎಣ್ಣಿ ಕಾದ್ರ ಸೂಚ್ಯಂಕ ಇಳೀತದ, ಅಂಚು ಸಣ್ಣಗ ಕಾಣ್ಲಿಕ್ಕ ಸುರು ಆಗ್ತದ. ಮುಂಜಾನಿ ಮಾಡು."

ಗುಂಡಪ್ಪ ಗ್ಲಾಸನ್ನು ಕಣ್ಣಿನ ಹತ್ತಿರ ತಂದು ನೋಡಿದ. ವ್ಯಾಪಾರಿಯ ತಲೆ ಓಡತೊಡಗಿತು. "ಅಂದ್ರ ಎಣ್ಣಿ ಖರೇ ಕುಸುಬಿದೋ ಬೆರಕಿದೋ ಇದ್ರಾಗೇ ಗೊತ್ತಾಗ್ತದಲ್ಲ ಮಾಸ್ತರ್ರೆ!"

"ಆಗಲ್ಲ. ಸೂರ್ಯಕಾಂತಿ, ಸೋಯಾ ಎಲ್ಲಾ ಅಲ್ಲೇ ಅಕ್ಕಪಕ್ಕ ಅವ. ಫರಕ್ ಇದ್ರ ಮೂರನೇ ಅಂಕಿಯೊಳಗ. ಲ್ಯಾಬಿನಾಗ ಎಣ್ಣಿ 40 ಡಿಗ್ರಿಗಿ ತಂದು ರಿಫ್ರ್ಯಾಕ್ಟೋಮೀಟರ್ ಅಂತ ಸೂಚ್ಯಂಕ ಅಳಿಯೋ ಯಂತ್ರದ ಪ್ರಿಸಂ ಮ್ಯಾಲ ಎರಡು ಹನಿ ಇಟ್ಟು ನೋಡ್ತಾರ. ಅಷ್ಟಾದ್ರೂ ಅದೊಂದರ ಮ್ಯಾಲೇ ಪಕ್ಕಾ ಅನ್ನಲ್ಲ, ಬ್ಯಾರೆ ಪರೀಕ್ಷಿನೂ ಮಾಡ್ತಾರ."

"ಹಂಗಾದ್ರ ಬೆರಕಿ ಮಾಡವನಿಗಿ ಬೆಳಕೇ ಸಾಕ್ಷಿ ಹೇಳ್ಲತ್ತದ!"

"ಸಾವ್ಕಾರ್ರೆ," ಎಂದ ಮಹಿಬೂಬ, ಕಾಚು ಕೊಯ್ಯುವ ವಜ್ರದ ಕಲಂ ಕಿವಿಗೆ ಸಿಕ್ಕಿಸಿಕೊಂಡು, "ಅದು ಬಿಡ್ರಿ. ನಾಲ್ಕೂವರಿ ಫೂಟ್ ಎತ್ರ ಆಯ್ತು, ಅಗಲ ಎಷ್ಟ್ ಕೊಯ್ಲಿ?"

"ಲೆಕ್ಕದ ಪ್ರಕಾರ ಹೆಗಲಿನ ಅರ್ಧ, ಒಂಬತ್ತಿಂಚು," ಎಂದರು ಮಾಸ್ತರರು.

"ನಿಮ್ಮ ಲೆಕ್ಕ ನಿಮ್ಮ ಹತ್ರಾನೇ ಇರ್ಲಿ. ಮನ್ಯಾಗ ಸೀರಿ ಉಟ್ಟು ತಿರುಗಿ ತಿರುಗಿ ನೋಡವ್ರು ನಾಕ್ ಮಂದಿ ಅದಾರ. ಎರಡ್ ಫೂಟ್ ಕೊಯ್ಯೋ ಮಹಿಬೂಬಾ. ಮತ್ತ ಆ ಎಣ್ಣಿ ಡಬ್ಬಿಗಿ ವಾಪಸ್ ಸುರೀರಿ ಮಾಸ್ತರ್ರೆ, ಸಂಜಿಗಿ ಭಜಿ ಮಾಡೋದದ."